ಮುನಿಯಪ್ಪನ ಬಲಗಡೆಯ ಹೂವು

ಸುದ್ದಗುಂಟೆಪಾಳ್ಯ
8 ಅಕ್ಟೋಬರ್ 2000

ಲೀಡ್ಸ್ ಪಟ್ಟಣವನ್ನು ತಮ್ಮ ಪಾದಧೂಳಿಯಿಂದ ಪಾವನಗೊಳಿಸುತ್ತಿರುವ, ನಮ್ಮ ದೊಡ್ಡಪ್ಪ ಬೈರಣ್ಣನವರ ಸುಪುತ್ರಿ ಕುಮಾರಿ ಹೇಮಶ್ರೀಯವರ ಸನ್ನಿಧಾನಕ್ಕೆ, ಬಿ.ಕಾಂ. ಎರಡನೇ ವರ್ಷವನ್ನು ಎರಡನೇ ಸಲ ಅಲಂಕರಿಸಿರುವ ತಮ್ಮ ಮೋಹಿತನು ಕೈಮುಗಿದು, ಮಂಡಿಯೂರಿ, ಸಾಧ್ಯವಾದಷ್ಟು ಕಡಿಮೆ ನಗುತ್ತಾ ಮಾಡಿಕೊಳ್ಳುವ ಬಿನ್ನಹ.

ಅಕ್ಕ, ತಾವು ಅಪ್ಪಣೆ ಕೊಡಿಸಿದಂತೆ ಮುನಿಯಪ್ಪನ ಗುಡಿಯನ್ನು ಅಳೆದಿದ್ದೇನೆ. ಬಾಗಿಲು ಐದಡಿ ಎರಡಂಗುಲ. ದೊಡ್ಡಪ್ಪ ಇವತ್ತಿಗೂ ತಲೆ ಬಗ್ಗಿಸದೆ ಒಳಗೆ ಹೋಗಿ ಹಣೆ ಕುಟ್ಟಿಸಿಕೊಳ್ಳುತ್ತಾರೆ, ಆಮೇಲೆ ಅದನ್ನೇ ಆಶೀರ್ವಾದ ಅನ್ನುತ್ತಾರೆ. ಮೆಟ್ಟಿಲು ಮೂರು. ನಾನು ಟೇಪು ಹಿಡಿದು ನಿಂತಿದ್ದಾಗ ಪೂಜಾರಿ ತಿಮ್ಮರಾಯಪ್ಪ ಬಂದರು.

"ಏನೋ ಮೋಯಿ, ಗುಡೀನೂ ಬಾಡಿಗೆಗೆ ಕೊಡ್ತಾನಾ ನಿಮ್ ದೊಡ್ಡಪ್ಪ?"

"ಇಲ್ಲ ಸ್ವಾಮಿ, ಅಕ್ಕ ಇಂಗ್ಲೆಂಡಲ್ಲಿ ಮುನಿಯಪ್ಪಂದು ಬ್ರಾಂಚ್ ಓಪನ್ ಮಾಡ್ತಾವ್ಳೆ."

ಅವರು ಗಂಭೀರವಾಗಿ ಯೋಚಿಸಿ, "ಅಲ್ಲಿ ಮೇಕೆ ಸಿಗ್ತಾವಾ?" ಅಂದರು.

ಇನ್ನು ತಮ್ಮ ವೆಬ್‌ಸೈಟಿನ ವಿಷಯ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದೆ ಹೊಸದಾಗಿ ಒಂದು ಸೈಬರ್ ಕೆಫೆ ಆಗಿದೆ. ಅಲ್ಲಿ ಹೋಗಿ ಕೂತೆ. ಗುಡಿಯ ಚಿತ್ರ ಒಂದೊಂದೇ ಗೆರೆಯಾಗಿ ಮೇಲಿನಿಂದ ಇಳಿಯಿತು. ಮೊದಲು ಗೋಪುರ ಬಂತು. ನಾನು ಹೊರಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಮುನಿಯಪ್ಪನ ಮೀಸೆಯವರೆಗೆ ಬಂದಿತ್ತು. ಓದುವವರು ಮೌಸ್ ಒತ್ತಿ ತಮ್ಮ ದಾರಿಯನ್ನು ತಾವೇ ಆರಿಸಿಕೊಂಡು ನಡೆಯುವ ಕಥೆ ಅಂದಿದ್ದೆಯಲ್ಲ, ಇಂಥದ್ದಕ್ಕೂ ಪದವಿ ಕೊಡುತ್ತಾರೆ ಅಂತ ಗೊತ್ತಿದ್ದರೆ ನಾನೂ ಬರುತ್ತಿದ್ದೆ. (ಇಮೇಲ್ ಮಾಡು ಅನ್ನಬೇಡ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ನಮ್ಮಜ್ಜಿಯ ಹೆಸರೂ ಬೈಗುಳದಂತೆ ಕಾಣುತ್ತದೆ.)

ಆದರೆ ಒಂದು ತಪ್ಪಾಗಿದೆ. ಮುನಿಯಪ್ಪನ ಎರಡು ಭುಜದ ಮೇಲೆ ಎರಡು ಹೂ ಅಂಟಿಸಿದ್ದೀಯ. ನಮ್ಮ ವಂಶದ ಸುಪ್ರೀಂ ಕೋರ್ಟು ಅದು. ರಾಗಿ ಹೊಲವನ್ನು ಬಿಟಿಎಂ ಲೇಔಟಿಗೆ ಬಿಟ್ಟುಕೊಡುವುದಕ್ಕೂ, ಬೋರ್‌ವೆಲ್ ಕೊರೆಸುವುದಕ್ಕೂ, ನಿನ್ನನ್ನು ವಿಮಾನ ಹತ್ತಿಸುವುದಕ್ಕೂ ದೊಡ್ಡಪ್ಪ ಒದ್ದೆ ಹೂ ಅಂಟಿಸಿ ಕೇಳಿದವರೇ. ಬಲಗಡೆಯದು ಬಿದ್ದರೆ 'ಆಗಲಿ', ಎಡಗಡೆಯದು ಬಿದ್ದರೆ 'ಬೇಡ'. ನೀನು ನೋಡುವವರ ಬಲಕ್ಕಿರುವ ಹೂವಿಗೆ 'ಬಲ' ಅಂತ ಬರೆದಿದ್ದೀಯ. ಹಾಗಲ್ಲ. ದೇವರು ನಮ್ಮ ಕಡೆ ಮುಖ ಮಾಡಿ ಕೂತಿರುತ್ತಾನೆ. ಲೆಕ್ಕಕ್ಕೆ ಬರುವುದು ದೇವರ ಬಲ. ಅದು ನೋಡುವವರಿಗೆ ಎಡ. ಕೂಡಲೇ ಸರಿಮಾಡು. ಇದರಲ್ಲಿ ತಮಾಷೆ ಇಲ್ಲ.

ಅಂದ ಹಾಗೆ, ಊರಲ್ಲಿ ಇಷ್ಟೆಲ್ಲ ಇರುವಾಗ ಗುಡಿಯನ್ನೇ ಮೊದಲು ಯಾಕೆ ಕಟ್ಟಿದೆ?

ತಮ್ಮ ಪಾದಸೇವಕ,
ಮೋಹಿತ್


ಲೀಡ್ಸ್
21 ಅಕ್ಟೋಬರ್ 2000

ಮೋಯಿ,

ನಿನ್ನ ಕಾಗದ ಓದಿ ಇಲ್ಲಿನ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಪಕ್ಕದ ರೂಮಿನ ಹುಡುಗಿ ಬಾಗಿಲು ತೆಗೆದು ನೋಡಿ ಹೋದಳು. ಹೂಗಳನ್ನು ಅದಲುಬದಲು ಮಾಡಿದ್ದೇನೆ. ನೀನು ಯಾವುದಾದರೂ ವಿಷಯದಲ್ಲಿ ಇಷ್ಟು ಕರಾರುವಾಕ್ಕಾಗಿ ಮಾತಾಡಿದ್ದು ನಾನು ಕಂಡ ಹಾಗೆ ಇದೇ ಮೊದಲು.

ಗುಡಿಯನ್ನೇ ಯಾಕೆ ಕಟ್ಟಿದೆ ಅಂತ ಕೇಳಿದೆಯಲ್ಲ. ಇದು ಪಿಳ್ಳನ ಕಥೆ.

ಇಲ್ಲಿ ನಾವೆಲ್ಲ ನಮ್ಮದೇ ನೆನಪಿನಿಂದ ಒಂದು ಕಥೆ ಕಟ್ಟಬೇಕು. ಉಳಿದವರು ಸಮುದ್ರದ ದಂಡೆ, ಅಜ್ಜಿಯ ಅಡುಗೆಮನೆ ಅಂತ ಮಾಡುತ್ತಿದ್ದಾರೆ. ನನಗೆ ಒಂದೇ ದಿನ ನೆನಪಿಗೆ ಬಂತು. 1990ರ ಜೂನ್. ಆರು ವರ್ಷದ ನನ್ನ ತಮ್ಮನಿಗೆ ಹೃದಯದಲ್ಲಿ ತೂತು. ಮಳೆಗಾಲ ಮುಗಿಯುವುದರೊಳಗೆ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದರು. ಅಪ್ಪ ಮುನಿಯಪ್ಪನನ್ನು ಕೇಳಿದರು. ಹೂ ಎಡಕ್ಕೆ ಬಿತ್ತು. ಆಪರೇಷನ್ ಮಾಡಿಸಲಿಲ್ಲ. ಮುಂದಿನ ಫೆಬ್ರವರಿ ಹನ್ನೊಂದಕ್ಕೆ ಪಿಳ್ಳ ಹೋದ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಇಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ಹೀಗೆ ಮೊದಲಿನಿಂದ ಹೇಳಿ ಹೇಳಿ ಅಭ್ಯಾಸವಾಗಿದೆ.

ಎಡಗಡೆಯ ಹೂ ಒತ್ತಿದರೆ ನಡೆದದ್ದು ತೆರೆದುಕೊಳ್ಳುತ್ತದೆ. ಅದನ್ನು ಬರೆದಿದ್ದೇನೆ. ಬಲಗಡೆಯದು ಒತ್ತಿದರೆ ಪಿಳ್ಳ ಆಸ್ಪತ್ರೆಗೆ ಹೋಗಬೇಕು, ಬದುಕಬೇಕು, ಬೆಳೆಯಬೇಕು. ಅಲ್ಲಿ ಈಗ 'ಈ ಪುಟ ಸಿದ್ಧವಾಗಿಲ್ಲ' ಅಂತ ಮಾತ್ರ ಇದೆ. ಇಲ್ಲಿಯವರೆಗೆ ನೋಡಿದವರೆಲ್ಲ ಬಲಗಡೆಯದನ್ನೇ ಒತ್ತಿದ್ದಾರೆ, ಮೋಯಿ. ಒಬ್ಬರೂ ತಪ್ಪದೆ.

ನನಗೆ ಆ ಪುಟ ಬರೆಯಲು ಆಗುತ್ತಿಲ್ಲ. ನೀನು ಬರೆದುಕೊಡು. ದಿನವಿಡೀ ಅವನ ಜೊತೆ ಇದ್ದವನು ನೀನು. ಈಗ ಹದಿನಾರು ಆಗಿರುತ್ತಿತ್ತು. ಹೇಗಿರುತ್ತಿದ್ದ?

ಒಂದು ನೆನಪು ಮಾತ್ರ ಎಲ್ಲಿ ಇಡಬೇಕೋ ಗೊತ್ತಾಗದೆ ಎಡಗಡೆಯ ಪುಟದಲ್ಲಿ ಇಟ್ಟಿದ್ದೇನೆ. ಹೂ ಬಿದ್ದಾಗ ಎಲ್ಲರೂ "ಅಯ್ಯೋ" ಅಂದರು. ಅಮ್ಮನ ತೊಡೆಯ ಮೇಲೆ ಕೂತಿದ್ದ ಪಿಳ್ಳ ಮಾತ್ರ ಜೋರಾಗಿ ನಕ್ಕ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಅಮ್ಮನಿಗೆ ಏನೂ ಹೇಳಬೇಡ.

ಹೇಮ


ಸುದ್ದಗುಂಟೆಪಾಳ್ಯ
5 ನವೆಂಬರ್ 2000

ಕಥಾಸಾಮ್ರಾಜ್ಞಿಯವರ ಪದತಲಕ್ಕೆ, ಆಸ್ಥಾನದ ನೂತನ ಲಿಪಿಕಾರನು ಒಪ್ಪಿಸುವುದೇನೆಂದರೆ:

ಶ್ರೀಮಾನ್ ಪಿಳ್ಳಣ್ಣನವರ (ತಾತನ ಹೆಸರಿಟ್ಟಿದ್ದರಿಂದ ಪಿಳ್ಳಣ್ಣ, ಮನೆಮಂದಿಗೆಲ್ಲ ಪಿಳ್ಳ) ಜೀವನ ಚರಿತ್ರೆಯನ್ನು ಒಂಬತ್ತು ಪುಟಗಳಲ್ಲಿ ಇದರೊಂದಿಗೆ ಲಗತ್ತಿಸಿದ್ದೇನೆ. ಸಾರಾಂಶ ಕೆಳಗಿದೆ.

ಒಂದನೇ ಪುಟ. ಆಸ್ಪತ್ರೆಯ ಲಿಫ್ಟು. ಪಿಳ್ಳ ಒಳಗೆ ಹೋದವನು ಇಳಿಯಲು ಒಪ್ಪುವುದಿಲ್ಲ. ಲಿಫ್ಟಿನವನು, "ಯಾವ ಫ್ಲೋರ್ ಮರಿ?" ಅಂತಾನೆ. "ಎಲ್ಲಾ ಫ್ಲೋರು." ಆಪರೇಷನ್ ಒಂದು ಗಂಟೆ ತಡವಾಗುತ್ತದೆ. ಡಾಕ್ಟರೇ ಲಿಫ್ಟಿಗೆ ಬಂದು ಪರೀಕ್ಷೆ ಮಾಡುತ್ತಾರೆ.

ಮೂರನೇ ಪುಟ. ವಯಸ್ಸು ಒಂಬತ್ತು. ಎದೆಯ ಮೇಲಿನ ಹೊಲಿಗೆಯ ಗುರುತನ್ನು ಸ್ಕೂಲಿನಲ್ಲಿ ಪ್ರದರ್ಶನಕ್ಕಿಡುತ್ತಾನೆ. ಒಂದು ಸಲ ನೋಡಲು ಒಂದು ಪೆಪ್ಪರ್‌ಮಿಂಟ್. ಮುಟ್ಟಲು ಎರಡು. ಹೆಡ್‌ಮಾಸ್ಟರು ದೊಡ್ಡಪ್ಪನನ್ನು ಕರೆಸುತ್ತಾರೆ. ಅವರೂ ನೋಡಿ ಹೋಗುತ್ತಾರೆ, ಪುಕ್ಕಟೆ.

ಆರನೇ ಪುಟ. ವಯಸ್ಸು ಹದಿಮೂರು. ಅರೆಕೆರೆಯಲ್ಲಿ ಏಡಿ ಹಿಡಿದು ತಂದು, ನಿಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಬಾಗಲಕೋಟೆಯ ಮುರಿಗೆವ್ವನ ನೀರಿನ ಹಂಡೆಗೆ ಬಿಡುತ್ತಾನೆ. "ಯವ್ವಾ, ಹಂಡೇದಾಗ ಏನೋ ನಡದಾಡಾಕತ್ತೈತಿ!" ಬೀದಿಯೆಲ್ಲ ಸೇರುತ್ತದೆ. ಏಟು ನನಗೆ ಬೀಳುತ್ತದೆ. ಅವನು ಮೊದಲೇ ಎದೆ ಹಿಡಿದುಕೊಂಡು ಮಲಗಿರುತ್ತಾನೆ, ಕಳ್ಳ.

ಒಂಬತ್ತನೇ ಪುಟ. ವಯಸ್ಸು ಹದಿನಾರು. ದೊಡ್ಡಮ್ಮನ ಕಾಡಿಗೆ ಕದ್ದು ಮೀಸೆ ಬರೆದುಕೊಳ್ಳುತ್ತಾನೆ. ಎತ್ತರದಲ್ಲಿ ನನ್ನನ್ನು ಮೀರಿದ್ದಾನೆ. "ಮಗಾ, ನೀನು ಬಿ.ಕಾಂ. ಮುಗಿಸೋದ್ರೊಳಗೆ ನಾನೂ ಬಂದು ಪಕ್ಕದಲ್ಲಿ ಕೂರ್ತೀನಿ, ಬೆಂಚಲ್ಲಿ ಜಾಗ ಇಟ್ಟಿರು" ಅಂತಾನೆ.

ಇಲ್ಲಿಗೆ ನಿಲ್ಲಿಸಿದ್ದೇನೆ. ಹತ್ತನೇ ಪುಟಕ್ಕೆ ಕೈ ನೋಯಿತು.

ದೊಡ್ಡಮ್ಮ ಚೆನ್ನಾಗಿದ್ದಾರೆ. ನಿನ್ನೆ ನನ್ನ ಜೇಬಿನಲ್ಲಿ ನಿನ್ನ ಕಾಗದದ ಸ್ಟಾಂಪು ನೋಡಿ, "ನಮ್ ಹೇಮ ನಿಂಗೇ ಇಷ್ಟ್ ಬರೀತಾಳಲ್ಲೋ, ನಂಗೆ ಫೋನಲ್ಲಿ ಎರಡೇ ಮಾತು" ಅಂದರು. ಹೌದಾ?

ಲಿಪಿಕಾರ ಮೋಹಿತ್


ಲೀಡ್ಸ್
2 ಡಿಸೆಂಬರ್ 2000

ಮೋಯಿ,

ನಿನ್ನ ಪಿಳ್ಳನನ್ನು ಇಲ್ಲಿ ಎಲ್ಲರೂ ಮೆಚ್ಚಿದ್ದಾರೆ. ಇಂಗ್ಲಿಷಿಗೆ ತಿರುಗಿಸಿ ಹಾಕಿದ್ದೇನೆ. ನನ್ನ ಕ್ಲಾಸಿನ ಒಬ್ಬ ಹುಡುಗ, "ನಿನ್ನ ತಮ್ಮ ಈಗ ಏನು ಮಾಡುತ್ತಿದ್ದಾನೆ?" ಅಂತ ಕೇಳಿದ. ಎರಡೂ ಹೂ ಒತ್ತಿ ನೋಡಿದವನೇ ಕೇಳಿದ. ನಾನು "ಎಸ್ಸೆಸ್ಸೆಲ್ಸಿ" ಅಂದೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಲಿಫ್ಟನ್ನು ಎಲ್ಲಿಂದ ತಂದೆಯೋ? ಅದು ಮಾತ್ರ ನಿಜವಾಗಿ ನಡೆದ ಹಾಗಿದೆ.

ಈಗ ಎಡಗಡೆಯ ಪುಟದಲ್ಲಿ ನಾನು ಬರೆಯದೆ ಬಿಟ್ಟದ್ದನ್ನು ನಿನಗೆ ಹೇಳುತ್ತೇನೆ. ಯಾರಿಗೂ ಹೇಳಿಲ್ಲ.

ಅವತ್ತು ಹೂವಿನ ತಟ್ಟೆ ಹಿಡಿದಿದ್ದವಳು ನಾನು. ಅವತ್ತು ಬೆಳಗ್ಗೆ ನಾನು ಹೊರಗಾಗಿದ್ದೆ. ನನಗೆ ಹದಿಮೂರು, ಮೂರನೆಯದೋ ನಾಲ್ಕನೆಯದೋ ಸಲ. ಹೇಳಿದರೆ ಗುಡಿಯ ಹೊರಗೆ ಕಟ್ಟೆಯ ಮೇಲೆ ಕೂರಿಸುತ್ತಾರೆ. ಪಿಳ್ಳನದು ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಬೇಕಿತ್ತು. ಅದಕ್ಕೇ ಹೇಳಲಿಲ್ಲ. ಸ್ನಾನ ಮಾಡಿ, ಅಮ್ಮನ ಕೈಯಿಂದ ತಟ್ಟೆ ಇಸಿದುಕೊಂಡು, ಒಳಗೆ ಹೋಗಿ ತಿಮ್ಮರಾಯಪ್ಪನ ಕೈಗೆ ಕೊಟ್ಟೆ. ಅದೇ ಹೂ ಎಡಕ್ಕೆ ಬಿತ್ತು.

ಇಲ್ಲಿ ಕೂತು ಇದೆಲ್ಲ ಮೂಢನಂಬಿಕೆ ಅಂತ ಪ್ರಬಂಧ ಬರೆಯಬಲ್ಲೆ, ಬರೆದಿದ್ದೇನೆ. ಒಳ್ಳೆಯ ಮಾರ್ಕೂ ಬಂದಿದೆ. ಅದರಿಂದ ಏನೂ ಆಗಲಿಲ್ಲ. ಹತ್ತು ವರ್ಷದಿಂದ ಅಮ್ಮನ ಮುಖ ನೋಡಿ ಸರಿಯಾಗಿ ಮಾತಾಡಿಲ್ಲ ನಾನು.

ಬರುವ ಫೆಬ್ರವರಿ ಹನ್ನೊಂದು ಭಾನುವಾರ, ಪಿಳ್ಳನ ದಿನ. ಅವತ್ತು ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಡುತ್ತೇನೆ. ಹೇಳಿದ ಮೇಲೆ ಆ ಮನೆಗೆ ಬರುವ ಮುಖ ನನಗಿರುವುದಿಲ್ಲ. ಇಲ್ಲೇ ಉಳಿಯುವುದಕ್ಕೆ ಅರ್ಜಿ ಹಾಕಿದ್ದೇನೆ.

ಹೇಮ


ಸುದ್ದಗುಂಟೆಪಾಳ್ಯ
12 ಡಿಸೆಂಬರ್ 2000

ಪರಮಪೂಜ್ಯ ಅಕ್ಕನವರಿಗೆ, ಧರ್ಮಶಾಸ್ತ್ರ ವಿಶಾರದ, ಸುದ್ದಗುಂಟೆಪಾಳ್ಯ ಪೀಠಾಧೀಶ ಮೋಹಿತಾನಂದರು ದಯಪಾಲಿಸುವ ನಿರೂಪ:

ತಮ್ಮ ಸಂಶಯವನ್ನು ಪೀಠವು ಕೂಲಂಕಷವಾಗಿ ಪರಿಶೀಲಿಸಿದೆ. ಮುನಿಯಪ್ಪನು ಸಾರಾಯಿ, ಬೀಡಿ, ಮೇಕೆಯ ರಕ್ತ ಇವುಗಳ ನಡುವೆ ನೂರಾರು ವರ್ಷ ನೆಮ್ಮದಿಯಾಗಿದ್ದ ದೇವರು. ಹದಿಮೂರು ವರ್ಷದ ಹುಡುಗಿಯೊಬ್ಬಳಿಂದ ಅವನಿಗೆ ಕೆಮ್ಮು ಕೂಡ ಬರುವುದಿಲ್ಲ. ಆದ್ದರಿಂದ ತಾವು ನಿರ್ದೋಷಿ. ತೀರ್ಪಿನ ಪ್ರತಿಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕತಕ್ಕದ್ದು. ದೊಡ್ಡಮ್ಮನಿಗೆ ಫೋನ್ ಮಾಡುವ ಅಗತ್ಯ ಪೀಠಕ್ಕೆ ಕಂಡುಬರುವುದಿಲ್ಲ. ಎಸ್‌ಟಿಡಿ ಬೂತಿನ ಚಿನ್ನಪ್ಪ ಹೇಳುವ ಪ್ರಕಾರ ಆ ದಿನ ಸಮುದ್ರದಡಿಯ ತಂತಿಗಳೆಲ್ಲ ರಜೆ.

ಇನ್ನೊಂದು ಸುದ್ದಿ. ಹಳೆಯ ಗುಡಿ ಕೆಡವಿದರು. ದೊಡ್ಡಪ್ಪನೇ ಮುಂದೆ ನಿಂತು ಗ್ರಾನೈಟಿನಲ್ಲಿ ಕಟ್ಟಿಸುತ್ತಿದ್ದಾರೆ. ಹಳೇ ಮುನಿಯಪ್ಪನನ್ನು ಮಡಿವಾಳ ಕೆರೆಗೆ ಬಿಟ್ಟಾಯಿತು. ಹೊಸಬನ ಬೆನ್ನು ಗೋಡೆಗೆ ಅಂಟಿಕೊಂಡಿದೆ. ಹಿಂದೆ ಒಂದು ಬೆರಳು ಕೂಡ ತೂರುವುದಿಲ್ಲ.

ನೋಡಿ ಬಂದೆ. ಸುಮ್ಮನೆ ಹೇಳಿದೆ.

ಮೋಹಿತಾನಂದ


ಲೀಡ್ಸ್
4 ಜನವರಿ 2001

ಮೋಹಿತ್,

ಬದುಕಿನಲ್ಲಿ ಯಾರಿಗೂ ಹೇಳದ ಒಂದು ಮಾತನ್ನು ನಿನಗೆ ಹೇಳಿದೆ. ಪೀಠಾಧೀಶನ ಕಾಗದ ಬಂತು.

ಕ್ರಿಸ್‌ಮಸ್ ರಜೆಯಿಡೀ ರೂಮಿನಿಂದ ಹೊರಬಿದ್ದಿಲ್ಲ. ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಅನ್ನ ಮಾಡಿ ಇಡುತ್ತೇನೆ, ತಿನ್ನಲು ಆಗುವುದಿಲ್ಲ. ಹನ್ನೊಂದನೇ ತಾರೀಕಿಗಾಗಿ ಕಾಯುತ್ತಿದ್ದೇನೆ.

ನಿನ್ನ ಮೇಲೆ ಕೋಪವಿಲ್ಲ. ನಿನಗೆ ಬರುವುದೇ ಅಷ್ಟು. ಇನ್ನು ಬರೆಯಬೇಡ.

ಹೇಮಶ್ರೀ


ಸುದ್ದಗುಂಟೆಪಾಳ್ಯ
15 ಜನವರಿ 2001

ಅಕ್ಕ,

ಈ ಕಾಗದಕ್ಕೆ ಪೀಠಿಕೆ ಇಲ್ಲ. ಮೂರು ಸಲ ಬರೆದೆ. ಮೂರು ಸಲವೂ ತಮಾಷೆಯಾಯಿತು. ಹರಿದೆ.

ಅವತ್ತು ಹೂ ತಾನಾಗಿ ಬೀಳಲಿಲ್ಲ. ನಾನು ಬೀಳಿಸಿದೆ.

ಹಳೆಯ ಗುಡಿಯಲ್ಲಿ ವಿಗ್ರಹಕ್ಕೂ ಹಿಂದಿನ ಗೋಡೆಗೂ ನಡುವೆ ಒಂದು ಮೊಳ ಜಾಗವಿತ್ತು. ದೀಪದೆಣ್ಣೆಯ ಡಬ್ಬ ಇಡುತ್ತಿದ್ದರು. ಹತ್ತು ವರ್ಷದ ನಾನು ಅಲ್ಲಿ ಹಿಡಿಸುತ್ತಿದ್ದೆ. ನೀವೆಲ್ಲ ಬರುವ ಮೊದಲೇ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತುಕೊಂಡು ಹೋಗಿ ಅಲ್ಲಿ ಕೂತೆ.

ಹಿಂದಿನ ದಿನ ಪಿಳ್ಳ ಕೇಳಿದ್ದ: "ಮೋಯಿ, ಆಸ್ಪತ್ರೇಲಿ ಲಿಫ್ಟ್ ಐತಂತೆ. ನಂಗೆ ಓಗ್ಬೇಕು. ಹೂ ಬೀಳ್ದೆ ಓದ್ರೆ?"

"ನಾನ್ ಬೀಳಿಸ್ತೀನಿ, ಸುಮ್ನಿರು" ಅಂದಿದ್ದೆ.

ಯಾವ ಹೂ ತಳ್ಳಬೇಕು ಅಂತ ಡಬ್ಬದ ಪಕ್ಕ ಕೂತು ಯೋಚಿಸಿದೆ. ನನ್ನ ಬದುಕಿನಲ್ಲಿ ಅಷ್ಟು ಯೋಚಿಸಿದ್ದು ಅದೊಂದೇ ಸಲ. ಬಲಗಡೆಯದು ಬೀಳಬೇಕು. ನೀವೆಲ್ಲ ನನಗೆ ಎದುರಾಗಿ ಕೂತಿದ್ದೀರಿ. ನಿಮ್ಮ ಬಲ ನನಗೆ ಎಡ. ಹಾಗಾದರೆ ನಾನು ನನ್ನ ಎಡಗಡೆಯದನ್ನು ತಳ್ಳಬೇಕು. ಎಷ್ಟು ಜಾಣ ನಾನು ಅಂತ ನನಗೇ ಹೆಮ್ಮೆಯಾಯಿತು. ದೇವರೂ ನಾನೂ ಒಂದೇ ಕಡೆಗೆ ಮುಖ ಮಾಡಿ ಕೂತಿದ್ದೆವು, ಅಕ್ಕ. ದೇವರ ಬಲ ಅಂದರೆ ನನ್ನ ಬಲವೇ. ಏನೂ ಯೋಚಿಸದೆ ಬಲಗಡೆಗೆ ಕಡ್ಡಿ ಚಾಚಿದ್ದರೆ ಸಾಕಿತ್ತು.

ಎಲ್ಲರೂ ಹೂ ನೋಡುತ್ತಿದ್ದರು. ಪಿಳ್ಳನೊಬ್ಬ ಕೆಳಗಿನಿಂದ, ಮುನಿಯಪ್ಪನ ತೋಳಿನ ಸಂದಿಯಲ್ಲಿ, ನನ್ನನ್ನು ನೋಡುತ್ತಿದ್ದ. ಎಲ್ಲಿ ನೋಡಬೇಕು ಅಂತ ಅವನಿಗೆ ಗೊತ್ತಿತ್ತು. ಹೂ ಬಿದ್ದ ಕೂಡಲೇ ನಾನು ನಾಲಿಗೆ ಚಾಚಿದೆ. ಅವನು ನಕ್ಕ. ಲಿಫ್ಟಿಗೆ ಹೋಗುತ್ತೇನೆ ಅಂದುಕೊಂಡು ನಕ್ಕ.

ಆಮೇಲೆ ತಿಮ್ಮರಾಯಪ್ಪ "ಎಡ ಆಯ್ತು" ಅಂದರು.

ಆಗಲೇ ಎದ್ದು ಹೊರಗೆ ಬಂದಿದ್ದರೆ ನಾಲ್ಕು ಏಟು ಬೀಳುತ್ತಿದ್ದವು. ಅಷ್ಟೇ. ನಾಲ್ಕು ಏಟಿಗೆ ಹೆದರಿ ಅಲ್ಲೇ ಕೂತೆ. ಅದಾದ ಮೇಲೆ ಎಂಟು ತಿಂಗಳಿತ್ತು. ಯಾವ ದಿನ ಬೇಕಾದರೂ ಹೇಳಬಹುದಿತ್ತು. ಪಿಳ್ಳ ದಿನಾ, "ಯಾವಾಗ್ಲೋ ಮೋಯಿ?" ಅನ್ನುತ್ತಿದ್ದ. "ನಾಳೆ" ಅನ್ನುತ್ತಿದ್ದೆ.

ನೀನು ಹೊರಡುವ ಮೊದಲು ಹೂ ಕೇಳಿದಾಗ ನಾನು ಎಲ್ಲರ ಹಿಂದೆ ಕೈಮುಗಿದುಕೊಂಡು ನಿಂತಿದ್ದೆ. ಪಿಳ್ಳನ ಆ ದಿನದ ಮೇಲೆ ನಾನು ಯಾವತ್ತೂ ಆ ಗರ್ಭಗುಡಿಯೊಳಗೆ ಹೋಗಲಿಲ್ಲ.

ನಿನ್ನ ತಟ್ಟೆಯಿಂದ ಆದದ್ದಲ್ಲ. ನಿನ್ನಿಂದ ಏನೂ ಆಗಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಬೇಡ.

ಮೋಹಿತ್


ಲೀಡ್ಸ್
26 ಜನವರಿ 2001

ಮೋಯಿ,

ಎರಡು ಸಲ ಓದಿದೆ. ಮೊದಲನೇ ಸಲ ನಂಬಿಬಿಟ್ಟೆ. ಹತ್ತು ನಿಮಿಷ ನನ್ನ ಎದೆಯ ಮೇಲೆ ಯಾವ ಭಾರವೂ ಇರಲಿಲ್ಲ.

ಎರಡನೇ ಸಲ ಓದುವಾಗ ಹೊಲಿಗೆ ಕಾಣಿಸಿತು. ನನ್ನ ಪುಟದಲ್ಲಿದ್ದ ನಗುವನ್ನು ತೆಗೆದುಕೊಂಡು, ನೀನು ಕಟ್ಟಿದ ಲಿಫ್ಟನ್ನು ಅದಕ್ಕೆ ಜೋಡಿಸಿದ್ದೀಯ. ಯಾರೂ ಹೋಗಿ ನೋಡಲಾಗದಂತೆ ಗುಡಿಯೂ ಈಗ ಇಲ್ಲ. ಎಷ್ಟು ಅಚ್ಚುಕಟ್ಟು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ "ನಿನ್ನ ನಂಬರ್ ಇಲ್ಲ ಅಕ್ಕ" ಅಂತ ಅತ್ತು ತೋರಿಸಿದವನು ನೀನು. ಕಣ್ಣೀರು ಕೂಡ ಬಂದಿತ್ತು ನಿನಗೆ. ಅವತ್ತು ನಗಿಸಲು ಸುಳ್ಳು ಹೇಳಿದೆ, ಇವತ್ತು ಉಳಿಸಲು.

ನನ್ನ ತಪ್ಪನ್ನು ಹೊತ್ತುಕೊಳ್ಳುವಷ್ಟು ದೊಡ್ಡವನಾಗಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ. ಹೋದ ಕಾಗದದಲ್ಲಿ ಕೆಟ್ಟದಾಗಿ ಬರೆದೆ, ಕ್ಷಮಿಸು. ಇದನ್ನು ಮೂರನೇ ಹೂ ಅಂತ ಸೈಟಿಗೆ ಸೇರಿಸಿದ್ದೇನೆ. ಮುನಿಯಪ್ಪನ ಬೆನ್ನ ಹಿಂದೆ ಒತ್ತಿದರೆ ತೆರೆಯುತ್ತದೆ. ನನ್ನ ಟೀಚರ್, ಇಡೀ ಕಥೆಯಲ್ಲಿ ಇದೇ ಅತ್ಯುತ್ತಮ ಕಲ್ಪನೆ ಅಂದರು.

ಹನ್ನೊಂದನೇ ತಾರೀಕು ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಅವತ್ತು ಅಮ್ಮನ ಹತ್ತಿರ ಇರು. ಅವಳಿಗೆ ಯಾರಾದರೂ ಬೇಕಾಗುತ್ತದೆ.

ನಿನ್ನ ಅಕ್ಕ


ಸುದ್ದಗುಂಟೆಪಾಳ್ಯ
5 ಫೆಬ್ರವರಿ 2001

ಅಕ್ಕ,

ಇದು ನಿನ್ನ ಕೈ ಸೇರುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಅದಕ್ಕೇ ಇವತ್ತು ದೊಡ್ಡಮ್ಮನಿಗೆ ಹೇಳಿದೆ. ನನ್ನ ಮಾತನ್ನು ತಮಾಷೆ ಅಂದುಕೊಳ್ಳದ ಒಬ್ಬರಾದರೂ ಬೇಕಿತ್ತು.

ಹಿತ್ತಲಿನ ಜಗಲಿಯ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದರು. ನಾನು ಹೋಗಿ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡು ಹಿಸುಕತೊಡಗಿದೆ. "ಏನೋ ಇವತ್ತು ಬಾಯಿಗೆ ಬೀಗ?" ಅಂದರು. ಹೇಳಿದೆ. ಕಡ್ಡಿ, ಎಣ್ಣೆ ಡಬ್ಬ, ಎಡ, ಬಲ, ಎಲ್ಲ. ಅರ್ಧ ಹೇಳುವವರೆಗೆ ಅವರ ಬೆರಳುಗಳು ಹಿಸುಕುತ್ತಲೇ ಇದ್ದವು, ಕಾಳು ನೀರಿಗೆ ಬೀಳುತ್ತಲೇ ಇತ್ತು. ಆಮೇಲೆ ನಿಂತಿತು.

ಒಂದೇ ಪ್ರಶ್ನೆ ಕೇಳಿದರು.

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು ದೊಡ್ಡಮ್ಮ. ಅದಕ್ಕೇ ನಕ್ಕಿದ್ದು."

ಆಗ ಅವರು ಒದ್ದೆ ಬೆರಳುಗಳಿಂದ ತಮ್ಮ ಬಾಯಿಯ ಮೇಲೆ ಎರಡು ಸಲ ಮೆಲ್ಲಗೆ ಹೊಡೆದುಕೊಂಡರು. ದೇವರ ಮುಂದೆ ತಪ್ಪಾಯ್ತು ಅಂತ ಕೆನ್ನೆಗೆ ಹೊಡೆದುಕೊಳ್ಳುತ್ತಾರಲ್ಲ, ಹಾಗೆ. ನನ್ನ ಪಾಪ ಕೇಳಿಸಿಕೊಂಡದ್ದಕ್ಕೆ ಇರಬೇಕು.

"ನಿಮ್ ದೊಡ್ಡಪ್ಪಂಗೆ ಹೇಳ್ಬೇಡ" ಅಂದರು. "ಅವರಿಗಾದ್ರೂ ದೇವ್ರು ಇರ್ಲಿ."

ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ನಾನು ಸಿಪ್ಪೆಯ ರಾಶಿಯ ಮುಂದೆ ಕೂತೇ ಇದ್ದೆ. ಬಹಳ ಹೊತ್ತಾದ ಮೇಲೆ ಮುರಿಗೆವ್ವ ಬಂದಳು. "ಮೋಹಿತಣ್ಣ, ಅಕ್ಕಾರು ನಿಮಗ ಮನೀಗೆ ಹೋಗ್ರಿ ಅಂದಾರ. ಬಾಗ್ಲಾ ಮುಂದಕ ಎಳಕೊಂಡು ಹೋಗಬೇಕಂತ."

ಎಳೆದುಕೊಂಡು ಬಂದೆ. ನೀನು ಹೇಳಿದಂತೆ ಭಾನುವಾರ ಅವರ ಹತ್ತಿರ ಇರಲು ನನ್ನಿಂದ ಆಗುವುದಿಲ್ಲ.

ಮೋಹಿತ್


ಲೀಡ್ಸ್
20 ಫೆಬ್ರವರಿ 2001

ಮೋಹಿತ್,

ಭಾನುವಾರ ಫೋನ್ ಎತ್ತಿದ ಅಮ್ಮ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ಮೊದ್ಲು ನಾನ್ ಹೇಳ್ತೀನಿ ಕೇಳು" ಅಂದಳು.

ಅವತ್ತು ಗುಡಿಯಿಂದ ವಾಪಸ್ ಬರುವಾಗ ಪಿಳ್ಳ ಅವಳ ಸೊಂಟದ ಮೇಲಿದ್ದ. ದಾರಿಯಲ್ಲಿ ಅವಳ ಕಿವಿಯಲ್ಲಿ ಹೇಳಿದನಂತೆ: "ಅಮ್ಮಾ, ಮೋಯಿ ಮುನಿಯಪ್ಪನ ಹಿಂದೆ ಕೂತವ್ನೆ. ನನ್ನ ಲಿಫ್ಟಿಗೆ ಕಳ್ಸಕ್ಕೆ ಹೂ ಬೀಳಿಸ್ದ." ದೇವರ ವಿಷಯದಲ್ಲಿ ಹಾಗೆಲ್ಲ ಆಡಬಾರದು ಅಂತ ಅಮ್ಮ ಅವನ ಬಾಯಿಯ ಮೇಲೆ ಎರಡು ಏಟು ಹೊಡೆದಳು. ಮೆಲ್ಲಗೇ ಹೊಡೆದೆ ಅಂದಳು. ಅದನ್ನೇ ಮೂರು ಸಲ ಹೇಳಿದಳು, ಮೆಲ್ಲಗೇ, ಮೆಲ್ಲಗೇ ಅಂತ. ಅವನು ಮತ್ತೆ ಆ ಮಾತು ಎತ್ತಲಿಲ್ಲವಂತೆ.

ನಿನ್ನ ಎದುರು ಅವಳು ಬಾಯಿಗೆ ಹೊಡೆದುಕೊಂಡದ್ದು ನಿನ್ನ ಪಾಪಕ್ಕಲ್ಲ. ನಿನ್ನ ಕಾಗದ ಫೋನಾದ ಮೂರು ದಿನಕ್ಕೆ ಬಂತು, ಆಗ ತಿಳಿಯಿತು.

ನಂತರ ನಾನು ನನ್ನದನ್ನು ಹೇಳಿದೆ. ಅಮ್ಮ "ಅಷ್ಟೇನೇ?" ಅಂದಳು. "ಮನೆ ತುಂಬಾ ಜನ, ಹಬ್ಬ ಹರಿದಿನ, ಹೊಲದ ಕೆಲ್ಸ. ನಾನೇ ಎಷ್ಟ್ ಸಲ ಹಂಗೇ ಹೋಗಿದ್ದೀನೋ ಆ ಗುಡಿಗೆ. ಯಾರಿಗೆ ಹೇಳ್ಕೊಂಡ್ ಕೂರೋದು?" ಹತ್ತು ವರ್ಷ, ಮೋಹಿತ್. ಒಂದು ಮಾತು ಕೇಳಿದ್ದರೆ ಸಾಕಿತ್ತು. ಇಬ್ಬರೂ ಅತ್ತೆವು. ಮೊನ್ನೆಯಿಂದ ಊಟ ಸೇರುತ್ತಿದೆ. ಇಲ್ಲೇ ಉಳಿಯುವ ಅರ್ಜಿಯನ್ನು ವಾಪಸ್ ತೆಗೆದುಕೊಂಡೆ. ಸೆಪ್ಟೆಂಬರಿನಲ್ಲಿ ಅಮ್ಮನ ಹತ್ತಿರ ಬರುತ್ತೇನೆ.

ನಿನ್ನ ವಿಷಯ. ನಿನಗೆ ಹತ್ತು ವರ್ಷ ವಯಸ್ಸಾಗಿತ್ತು ಅಂತ ನನಗೆ ಗೊತ್ತು. ಕಡ್ಡಿ ಹಿಡಿದ ಹುಡುಗನನ್ನು ಯಾವತ್ತಾದರೂ ಕ್ಷಮಿಸುತ್ತೇನೇನೋ. ದಿನಾ "ನಾಳೆ" ಅಂದವನನ್ನು, ಹತ್ತು ವರ್ಷ ನನ್ನ ಎದುರು ಕೂತು ಊಟ ಮಾಡಿದವನನ್ನು, ಪೀಠಾಧೀಶನನ್ನು, ಏನು ಮಾಡಬೇಕೋ ತಿಳಿಯುತ್ತಿಲ್ಲ. ಪಿಳ್ಳನ ಮಾತು ಹೇಳಿದ ಮೇಲೆ ಅಮ್ಮ ಮತ್ತೆ ನಿನ್ನ ಹೆಸರು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಸೈಟನ್ನು ಬದಲಿಸಿದ್ದೇನೆ. ನೀನು ಕಟ್ಟಿದ ಎಂಟು ಪುಟ ತೆಗೆದುಹಾಕಿದೆ. ಲಿಫ್ಟಿನದು ಮಾತ್ರ ಉಳಿದಿದೆ, ಅದು ನಿನ್ನದಲ್ಲ, ಅವನದು. ಎಡ, ಬಲ, ಬೆನ್ನ ಹಿಂದಿನದು, ಮೂರೂ ಹೂ ತೆಗೆದೆ. ಈಗ ಗುಡಿಯ ಪುಟದಲ್ಲಿ ಇರುವುದು ಒಂದೇ ಚಿತ್ರ: ಅಮ್ಮನ ತೊಡೆಯ ಮೇಲೆ ಪಿಳ್ಳ, ಮುನಿಯಪ್ಪನ ತೋಳಿನ ಸಂದಿಯನ್ನೇ ನೋಡುತ್ತಿದ್ದಾನೆ. ಅವನ ಮೇಲೆ ಒತ್ತಿದರೆ ನಗುತ್ತಾನೆ.

ಬೆಂಗಳೂರಿನಿಂದ ದಿನಾ ಒಬ್ಬರು ಬಂದು ಇಪ್ಪತ್ತು ನಿಮಿಷ ಇದ್ದು ಹೋಗುತ್ತಾರೆ ಅಂತ ನನ್ನ ಸೈಟಿನ ದಾಖಲೆ ತೋರಿಸುತ್ತದೆ. ಬರಬೇಡ ಅನ್ನುವುದಿಲ್ಲ. ನೋಡು.

ಅವನ ಮೇಲೆ ಮಾತ್ರ ಒತ್ತಬೇಡ. ಆ ನಗು ನಿನಗೆ ಒಂದು ಸಲ ಸಿಕ್ಕಿದೆ.

ಹೇಮಶ್ರೀ